ಅಣ್ಣ-ತಮ್ಮರ ಜಗಳಕ್ಕೆ ಚೋಳರ ಪಂಚಾಯ್ತಿ
ನಮ್ಮೂರ ಸುತ್ತಿನ ಇತಿಹಾಸ | ಕಂತು 6

ಹರಿಹರದ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ತುಂಗಭದ್ರೆಯನ್ನು ಎಷ್ಟು ಸಲ ನೋಡಿದ್ದೀರಿ? ಕುಕ್ಕುವಾಡ, ದಾವಣಗೆರೆ ಕಡೆಯವರಿಗೆಲ್ಲ ಅದು ನಮ್ಮ ಹೊಳೆ. ಇದೇ ಹೊಳೆ ಗುಂಟ ಕೆಳಕ್ಕೆ ಹೋದರೆ ಮೈಲಾರದ ಹತ್ತಿರ ಕುರುವತ್ತಿ ಸಿಗುತ್ತೆ. 1068ರ ಮಾರ್ಚ್‌ನಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೇ ಸೋಮೇಶ್ವರ ಅಲ್ಲೇ ನೀರಿಗಿಳಿದು ಪ್ರಾಣ ಬಿಟ್ಟ. ವಾಸಿಯಾಗದ ಜ್ವರ ಅವನನ್ನು ಹಣ್ಣು ಮಾಡಿತ್ತು ಅಂತಾನೆ ಕವಿ ಬಿಲ್ಹಣ.

ಹಿರಿಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ಆದರೆ ರಣರಂಗದಲ್ಲಿ ಹೆಸರು ಮಾಡಿದ್ದವನು ತಮ್ಮ ವಿಕ್ರಮಾದಿತ್ಯ. ಇಬ್ಬರಿಗೂ ಸರಿಹೋಗಲಿಲ್ಲ.

ಈಗ ನೆರೆಯವನ ಪ್ರವೇಶ. ಚಾಲುಕ್ಯರಿಗೂ ಚೋಳರಿಗೂ ಹಳೇ ವೈರ. 1054ರ ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜ ಸತ್ತಿದ್ದ. ಅವನ ತಮ್ಮ ವೀರರಾಜೇಂದ್ರ ಈಗ ಚೋಳ ದೊರೆ. ಹೊಸ ರಾಜನ ಮೇಲೆ ದಂಡೆತ್ತಿ ಬಂದು ಕಂಪ್ಲಿಯನ್ನು ಸುಟ್ಟೆವು ಅಂತ ಚೋಳರ ಶಾಸನ ಹೇಳುತ್ತೆ. ಗುತ್ತಿ ಕೋಟೆಗೆ ಬಂದವನನ್ನು ಹಿಮ್ಮೆಟ್ಟಿಸಿದೆವು ಅಂತ ಚಾಲುಕ್ಯರ ಶಾಸನ ಹೇಳುತ್ತೆ.

ಆಮೇಲೆ ಅದೇ ವೀರರಾಜೇಂದ್ರ ವಿಕ್ರಮಾದಿತ್ಯನಿಗೆ ಮಗಳನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ! ಚಾಲುಕ್ಯ ರಾಜ್ಯ ಒಳಗೊಳಗೇ ಎರಡು ಭಾಗವಾಯಿತು.

1070ರಲ್ಲಿ ಮಾವ ತೀರಿಕೊಂಡ. ಈಗ ಅಳಿಯನೇ ಕಂಚಿಗೆ ದಂಡು ಒಯ್ದು ಭಾವಮೈದುನ ಅಧಿರಾಜೇಂದ್ರನನ್ನು ಪಟ್ಟದಲ್ಲಿ ಕೂರಿಸಿದ. ಅವನು ವಾಪಸ್ ಬಂದ ಸ್ವಲ್ಪ ದಿನಕ್ಕೇ ದಂಗೆಯಲ್ಲಿ ಅಧಿರಾಜೇಂದ್ರ ಸತ್ತ. ವೆಂಗಿಯ ರಾಜಕುಮಾರ ಕುಲೋತ್ತುಂಗ ಚೋಳ ಸಿಂಹಾಸನ ಹಿಡಿದ. ಹೊರಗಿನವನು ಕೂರಿಸಿದ ರಾಜ ಎಷ್ಟು ದಿನ ನಿಂತಾನು, ನೀವೇ ಹೇಳಿ.

ಇತ್ತ ಅಣ್ಣ ಸೋಮೇಶ್ವರ ಏನು ಮಾಡಿದ ಗೊತ್ತಾ? ತಮ್ಮನನ್ನು ಸೋಲಿಸೋಕೆ ಅದೇ ಕುಲೋತ್ತುಂಗನ ಜೊತೆ ಕೈಜೋಡಿಸಿದ. ಆದರೂ 1076ರಲ್ಲಿ ಗೆದ್ದವನು ವಿಕ್ರಮಾದಿತ್ಯ. ಅಣ್ಣ ಸೆರೆಮನೆ ಸೇರಿದ. ತಮ್ಮ ತನ್ನದೇ ಚಾಲುಕ್ಯ ವಿಕ್ರಮ ಶಕೆ ಶುರುಮಾಡಿ 1126ರವರೆಗೆ, 50 ವರ್ಷ ಆಳಿದ.

ಕಥೆ ಇಲ್ಲಿಗೇ ಮುಗಿದಿಲ್ಲ. ಆಗ ನಮ್ಮ ಸೀಮೆಗೆ ನೊಳಂಬವಾಡಿ ಅಂತ ಹೆಸರು. ಉಚ್ಚಂಗಿದುರ್ಗ ಅದರ ಗಟ್ಟಿ ಕೋಟೆ. ಬಿರುದಿನಲ್ಲೇ ‘ನೊಳಂಬ’ ಅಂತ ಇಟ್ಟುಕೊಂಡಿದ್ದ ಕಿರಿಯ ತಮ್ಮ ಜಯಸಿಂಹ ಮುಂದೆ ವಿಕ್ರಮಾದಿತ್ಯನ ಮೇಲೇ ತಿರುಗಿಬಿದ್ದ. ಅವನೂ ತಮಿಳು ದೊರೆಯ ಸ್ನೇಹಕ್ಕೆ ಕೈಚಾಚಿದ ಅಂತಾನೆ ಬಿಲ್ಹಣ. ಮೂವರು ಅಣ್ಣತಮ್ಮಂದಿರು, ತಟ್ಟಿದ ಬಾಗಿಲು ಒಂದೇ.

ಒಂದು ಮಾತು ನೆನಪಿರಲಿ. ಸೋಮೇಶ್ವರ ದುಷ್ಟ, ವಿಕ್ರಮಾದಿತ್ಯ ಸಜ್ಜನ ಅಂತ ಬರೆದ ಬಿಲ್ಹಣ ಗೆದ್ದವನ ಆಸ್ಥಾನದ ಕವಿ. ಸೆರೆಮನೆ ಸೇರಿದ ಅಣ್ಣನ ಪರವಾಗಿ ಹೇಳೋಕೆ ಅಂಥ ಕಾವ್ಯ ಯಾವುದೂ ನಮ್ಮ ಕೈಯಲ್ಲಿಲ್ಲ.

ಹೊಲದ ಜಗಳಕ್ಕೆ ಪಕ್ಕದ ಹೊಲದವನನ್ನೇ ಪಂಚಾಯ್ತಿಗೆ ಕರೆದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅವನಿಗೆ ಅಣ್ಣ ಗೆದ್ದರೇನು, ತಮ್ಮ ಗೆದ್ದರೇನು? ಅವನ ಕಣ್ಣು ಬದುವಿನ ಮೇಲೆ.

ಕುರುವತ್ತಿಗೆ ಹೋಗಿದ್ದೀರಾ? ಕಮೆಂಟ್ ಮಾಡಿ. ಮುಂದಿನ ಕಂತು: ಉಚ್ಚಂಗಿಯ ಪಾಂಡ್ಯರು.

#ತುಂಗಭದ್ರೆ #ಕುರುವತ್ತಿ #ಕಲ್ಯಾಣಚಾಲುಕ್ಯರು #ಹರಿಹರ #ದಾವಣಗೆರೆ #ಕುಕ್ಕುವಾಡ