ವಿಡಂಬನೆಗೊಬ್ಬ ಕರ್ತೃ ಬೇಕು

ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ನಾಟಕ ಮುಗಿಸಿ ಹೊರಬರುವವರ ಬಾಯಲ್ಲಿ ‘ಒಳ್ಳೇ ವಿಡಂಬನೆ’ ಎಂಬ ಮಾತು ಕೇಳಿಸುತ್ತದೆ. ಪತ್ರಿಕೆಗಳಲ್ಲಿ ಈ ಪದಕ್ಕೆ ಬೇರೆಯದೇ ಕೆಲಸ. ಕೆರೆ ದಂಡೆಯ ಊರಿಗೆ ಕುಡಿಯುವ ನೀರಿಲ್ಲದಿದ್ದರೆ ‘ಎಂಥ ವಿಡಂಬನೆ’ ಎಂದು ಬರೆಯುತ್ತಾರೆ. ಅದು ವಿಪರ್ಯಾಸ. ಹಿಂದಿಯ ‘ವಿಡಂಬನಾ’ ಆ ಅರ್ಥದಲ್ಲೇ ನಡೆಯುತ್ತದೆ, ನಡೆಯಲಿ. ಮರಾಠಿಯ ‘ವಿಡಂಬನ’ವೆಂದರೆ ನಮ್ಮ ಅಣಕವಾಡು. ಕನ್ನಡದಲ್ಲಿ ಈ ಪದ ಒಂದು ಸಾಹಿತ್ಯ ಪ್ರಕಾರದ ಹೆಸರಾಗಿ ನಿಂತಿದೆ, ಅದನ್ನು ಅಲ್ಲಿಂದ ಕದಲಿಸಬಾರದು.

ಕಾರಣವಿಷ್ಟೆ. ವಿಪರ್ಯಾಸ ತಾನಾಗಿ ಆಗುತ್ತದೆ. ವಿಡಂಬನೆಯನ್ನು ಒಬ್ಬರು ಮಾಡಬೇಕು, ಮಾಡಿದ್ದಕ್ಕೆ ಹೊಣೆಯನ್ನೂ ಹೊರಬೇಕು.

ಸಂಸ್ಕೃತದಲ್ಲಿ ಈ ಪದದ ಮೊದಲ ಅರ್ಥ ಅನುಕರಣೆ. ಗೇಲಿಯ ಅರ್ಥ ಅದರ ಬೆನ್ನಿಗೇ ಬಂದದ್ದು. 17ನೇ ಶತಮಾನದ ನೀಲಕಂಠ ದೀಕ್ಷಿತ ‘ಕಲಿವಿಡಂಬನ’ದಲ್ಲಿ ವೈದ್ಯ, ಜೋಯಿಸ, ವಾದಕ್ಕೆ ನಿಂತ ಪಂಡಿತ ಎಲ್ಲರನ್ನೂ ಹಿಡಿದು ನಿಲ್ಲಿಸಿದ. ಅವರ ಪಟ್ಟುಗಳೆಲ್ಲ ಗೊತ್ತಿದ್ದವನಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಅನುಕರಿಸಬೇಕಾದರೆ ಹತ್ತಿರದಿಂದ ನೋಡಿರಬೇಕು. ದೂರ ನಿಂತು ಆಡಿದ್ದು ಬರೀ ಲೇವಡಿ.

ಟಿ.ಪಿ. ಕೈಲಾಸಂ ಇದಕ್ಕೆ ನಮ್ಮ ದೊಡ್ಡ ಉದಾಹರಣೆ. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿದವರು. ಇಂಗ್ಲಿಷ್ ಬೆರೆತ ಬೆಂಗಳೂರು ಮಧ್ಯಮವರ್ಗದ ಮನೆಮಾತನ್ನು ಉಸಿರು, ಎಳೆತ, ಅರ್ಧಕ್ಕೆ ನಿಲ್ಲುವ ವಾಕ್ಯ ಸಮೇತ ರಂಗಕ್ಕೆ ತಂದರು. ‘ಟೊಳ್ಳುಗಟ್ಟಿ’ಯಲ್ಲಿ ಓದಿನ ಹುಡುಗ ಟೊಳ್ಳು, ದಡ್ಡನೆನಿಸಿಕೊಂಡವನೇ ಗಟ್ಟಿ. ಸಭಿಕರು ತಮ್ಮ ಮನೆಯ ಮಾತನ್ನೇ ಕೇಳುತ್ತ ನಕ್ಕರು. ಮಕ್ಕಳ ಅಂಕಪಟ್ಟಿಯಲ್ಲೇ ಮುಳುಗಿದ ತಂದೆತಾಯಿಯರನ್ನು ಆ ನಾಟಕ ಇಂದಿಗೂ ಇರಿಯುತ್ತದೆ. ರೋಮಿನ ಕವಿ ಹೊರೇಸನದೂ ಹೀಗೆ ನಗುನಗುತ್ತ ತಿದ್ದುವ ದಾರಿ. ಅವನ ನಂತರದ ಜುವೆನಾಲ್ ಸಿಟ್ಟಿನವನು. ಅವನ ಸಾಲಿಗೆ ನಮ್ಮ 12ನೇ ಶತಮಾನದ ಬ್ರಹ್ಮಶಿವನನ್ನು ಸೇರಿಸುತ್ತೇನೆ. ‘ಸಮಯಪರೀಕ್ಷೆ’ಯಲ್ಲಿ ಅನ್ಯಮತಗಳ ಮೇಲೆ ಅವನು ಬೀಸುವ ಚಾಟಿಗೆ ನಿಜವಾದ ಬಲವಿದೆ. ಆದರೆ ತನ್ನ ಜೈನಮತದ ಬಾಗಿಲಿಗೆ ಬಂದಾಗ ಅವನ ಕೈ ತಡೆಯುತ್ತದೆ. ಅಲ್ಲಿಗೆ ಅದು ಅರ್ಧ ಪ್ರಚಾರ.

ನಗುತ್ತ ತಿದ್ದುವುದು ಒಂದು ಬಗೆ, ಸಿಟ್ಟಿನಿಂದ ಚಾಟಿ ಬೀಸುವುದು ಇನ್ನೊಂದು. ಮೂರನೆಯದು ವೇಷ ಕಟ್ಟುವ ಬಗೆ. ನಾ. ಕಸ್ತೂರಿಯವರ ‘ಅನರ್ಥಕೋಶ’ ನಿಘಂಟಿನ ವೇಷದಲ್ಲೇ ನಿಘಂಟನ್ನೂ ಸಮಾಜವನ್ನೂ ಅಣಕಿಸಿತು. ಅಂಥ ಬರವಣಿಗೆಗೆ ಮನೆಯಾಗಿದ್ದದ್ದು ರಾಶಿಯವರ ‘ಕೊರವಂಜಿ’ ಪತ್ರಿಕೆ: 1942ರಿಂದ 1967ರವರೆಗೆ ಕಾಲು ಶತಮಾನ. ಆರ್.ಕೆ. ಲಕ್ಷ್ಮಣ್ ಕೂಡ ಅದಕ್ಕೆ ಚಿತ್ರ ಬರೆದವರು. ಆ ಜಾಗ ಇನ್ನೂ ತುಂಬಿಲ್ಲವೆಂಬುದು ನನ್ನ ನಿಜವಾದ ಬೇಸರ.

ಈ ಮೂರು ಬಗೆಗಳಲ್ಲಿ ಯಾವುದಕ್ಕೂ ಪೂರ್ತಿ ದಕ್ಕದ ಒಂದು ಪುಸ್ತಕವಿದೆ. ಅದನ್ನು ಬರೆದ ಸಿದ್ದಲಿಂಗಯ್ಯನವರ ಅಂತ್ಯಸಂಸ್ಕಾರ 2021ರಲ್ಲಿ ಇದೇ ಕಲಾಗ್ರಾಮದಲ್ಲಿ ನಡೆಯಿತು. ಕವಿತೆಯಲ್ಲಿ ಬೆಂಕಿಯಾಗಿದ್ದ ಅವರು ‘ಊರುಕೇರಿ’ ಎಂಬ ಆತ್ಮಕತೆಯಲ್ಲಿ ಹಸಿವನ್ನೂ ಅವಮಾನವನ್ನೂ ನಗೆಯಲ್ಲಿ ಹೇಳಿದರು. ಇಲ್ಲಿ ನಗುವವನೇ ನೊಂದವನು. ಅವಮಾನಿಸಿದವರ ಹೆಸರೆತ್ತಿ ಬಯ್ಯುವ ಗೋಜಿಗೇ ಹೋಗದೆ, ಅವರ ನಡವಳಿಕೆಯನ್ನು ಇದ್ದಂತೆಯೇ ಬರೆದಿಡುತ್ತಾರೆ. ಓದುಗ ನಕ್ಕು, ತಾನು ನಕ್ಕದ್ದೇಕೆಂದು ತಡವಾಗಿ ತಿಳಿದು ಸುಮ್ಮನಾಗುತ್ತಾನೆ. ಇದಕ್ಕೆ ರೋಮಿನಲ್ಲಿ ಹೆಸರಿಲ್ಲ. ಕನ್ನಡದಲ್ಲಿ ವಿಡಂಬನೆಯೆಂದೇ ಕರೆಯುತ್ತೇನೆ.