ನಮ್ಮೂರಿನ ಸೆಟ್ಲಮೆಂಟ್

ಗುಲಾಮಗಿರಿ ಎಂದೊಡನೆ ನಾವು ಶಿಕ್ಷಕರು ಅಮೆರಿಕೆಯ ಹತ್ತಿ ಹೊಲ, ಲಿಂಕನ್ ಎಂದು ಹೇಳಿ ಪಾಠ ಮುಗಿಸುತ್ತೇವೆ. ನವಿ ಪೇಠೆಯಿಂದ ರಿಕ್ಷಾದಲ್ಲಿ ಹೋಗಿಬರಬಹುದಾದ ಸೆಟ್ಲಮೆಂಟ್ ನಮಗೆ ನೆನಪಾಗುವುದಿಲ್ಲ.

ಅಮೆರಿಕೆಯಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಯಿತು. ಅದನ್ನು ಮೆಚ್ಚಿ ಮಹಾತ್ಮಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅಲ್ಲಿಯ ಜನರಿಗೆ ಅರ್ಪಿಸಿದರು. ಅದಕ್ಕೂ ಎರಡು ವರ್ಷ ಮೊದಲು, 1871ರಲ್ಲಿ, ಇಂಗ್ಲಿಷರು ನಮ್ಮ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿದ್ದರು. ಇಡೀ ಜಾತಿಯೇ ಹುಟ್ಟುಕಳ್ಳರಂತೆ! 1911ರ ಕಾಯ್ದೆಯ ನಂತರ ಅದು ಮುಂಬಯಿ ಪ್ರಾಂತಕ್ಕೂ ಬಂತು. ಸೋಲಾಪುರದಲ್ಲಿ ತಂತಿ ಬೇಲಿ ಹಾಕಿ ಕೈಕಾಡಿ, ಪಾರಧಿ, ಮಾಂಗ ಗಾರುಡಿ ಕುಟುಂಬಗಳನ್ನು ಇಟ್ಟರು. ಹಾಜರಿ ಕೂಗಿದಾಗ ಓಗೊಡಬೇಕು, ಪಾಸ್ ಇಲ್ಲದೆ ಊರು ಬಿಡುವಂತಿಲ್ಲ. ಕೆಲಸಕ್ಕೆ ಗಿರಣಿಗೆ ಹೋಗಬೇಕು. ಗಿರಣಿಗಳಿಗೂ ಆಳು ಬೇಕಾಗಿತ್ತಲ್ಲ! ಇವರನ್ನು ಯಾರೂ ಸಂತೆಯಲ್ಲಿ ಮಾರಲಿಲ್ಲ, ಕೂಲಿಯೂ ಸಿಗುತ್ತಿತ್ತು. ಬಿಟ್ಟುಹೋಗುವ ಹಕ್ಕು ಮಾತ್ರ ಇರಲಿಲ್ಲ.

ಕಾಯ್ದೆ ದೇಶದಾದ್ಯಂತ ರದ್ದಾದದ್ದು 31 ಆಗಸ್ಟ್ 1952ರಂದು, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ನಮ್ಮ ಶಾಲೆಯ ದಾಖಲೆಗಳಲ್ಲಿ ‘ವಿ.ಜೆ.’ ಎಂದು ಬರೆಯುತ್ತೇವಲ್ಲ, ಆ ‘ವಿಮುಕ್ತ ಜಾತಿ’ ಎಂಬ ಹೆಸರು ಬಂದದ್ದು ಈ ಬಿಡುಗಡೆಯಿಂದಲೇ. ಆ ಬಡಾವಣೆಯ ಹೆಸರು ಇಂದಿಗೂ ಸೆಟ್ಲಮೆಂಟ್ ಫ್ರೀ ಕಾಲನಿ.

ಆದರೆ ಸಂಶಯ ಹೋಗಲಿಲ್ಲ. ಅಮೆರಿಕೆಯ ದಕ್ಷಿಣದ ರಾಜ್ಯಗಳು ‘ಕೆಲಸವಿಲ್ಲದೆ ಅಲೆಯುವವರು’ ಎಂಬ ನೆಪದಲ್ಲಿ ಕಪ್ಪು ಜನರನ್ನು ಮತ್ತೆ ಹಿಡಿದು ದುಡಿಸಿದವು. ನಮ್ಮಲ್ಲಿ ‘ರೂಢಿಗತ ಅಪರಾಧಿ’ ಕಾಯ್ದೆಗಳು ಬಂದವು. ಕಳ್ಳತನದ ಹಣೆಪಟ್ಟಿ ಹೊತ್ತ ಬಾಲ್ಯವನ್ನು ಲಕ್ಷ್ಮಣ ಗಾಯಕವಾಡರು ‘ಉಚಲ್ಯಾ’ದಲ್ಲಿ ಬರೆದಿದ್ದಾರೆ, 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಜೈಲು ಕೈಪಿಡಿಗಳಲ್ಲಿ ವಿಮುಕ್ತರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ.