ಇಲಿ, ದರ್ಜಿ, ಮೀನು

ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಹಾಕಬೇಕು. ಆಮೇಲೆ ಲಾವಂಚದ ಬೇರು, ಕೂದಲು, ಬಿದಿರಿನ ತೊಗಟೆಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಒಳಕ್ಕೆ ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕು. ಶಸ್ತ್ರವೈದ್ಯ ಕಲಿಯುವವನಿಗೆ ಸುಶ್ರುತಸಂಹಿತೆ ಹೇಳಿಕೊಡುವ ಕ್ರಮವಿದು. ಅದು ಕೊಡುವ ಲೆಕ್ಕ 500 ಪೇಶಿಗಳದು, ಅಂದರೆ ಮಾಂಸಖಂಡಗಳದು: ಕೈಕಾಲುಗಳಲ್ಲಿ 400, ನಡುಮೈಯಲ್ಲಿ 66, ಕತ್ತು-ತಲೆಗಳಲ್ಲಿ 34.

ಅದೇ ಗ್ರಂಥದಲ್ಲಿ ‘ಸ್ನಾಯು’ ಬೇರೆಯೇ. ದೋಣಿಯ ಹಲಗೆಗಳನ್ನು ಹುರಿ ಬಿಗಿದಿಡುವಂತೆ ಕೀಲುಗಳನ್ನು ಬಿಗಿದಿಡುವ ನಾರುಗಳವು, ಒಟ್ಟು 900. ಹಿಂದಿಯವರು ಇಂದಿಗೂ ಮಾಂಸಖಂಡಕ್ಕೆ ಪೇಶಿ ಎನ್ನುತ್ತಾರೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ಮಾತ್ರ ಸ್ನಾಯುವೇ ಮಾಂಸಖಂಡವಾಯಿತು. ಅದನ್ನು ಮೂಳೆಗೆ ಕಟ್ಟುವ ನಾರು ಸ್ನಾಯುರಜ್ಜು ಎನಿಸಿಕೊಂಡಿತು. ಹೀಗೆ ಅರ್ಥ ಜರುಗುವುದು ಕನ್ನಡದ ತಪ್ಪೇನಲ್ಲ. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ನಾರು, ಆಮೇಲೆ ನರ.

ಮಾಂಸಖಂಡಕ್ಕೆ ಲ್ಯಾಟಿನ್ನಿನಲ್ಲಿರುವ ಹೆಸರು ‘ಮಸ್ಕ್ಯುಲಸ್’, ಎಂದರೆ ಪುಟ್ಟ ಇಲಿ. ಕೈ ಮಡಚಿದಾಗ ರಟ್ಟೆಯಲ್ಲಿ ಉಬ್ಬಿ ಸರಿಯುವುದನ್ನು ನೋಡಿದರೆ ಈ ಹೆಸರಿಗೆ ವಿವರಣೆ ಬೇಕಿಲ್ಲ.

ಆದರೆ ಒಂದೊಂದು ಖಂಡಕ್ಕೂ ಪ್ರತ್ಯೇಕ ಹೆಸರು ಬಂದದ್ದು ಬಹಳ ತಡವಾಗಿ. 1543ರಲ್ಲಿ ಬಾಸೆಲ್‌ನಲ್ಲಿ ಅಂಗರಚನೆಯ ತನ್ನ ಮಹಾಗ್ರಂಥ ಅಚ್ಚು ಹಾಕಿಸಿದ ವೈದ್ಯ ವೆಸಾಲಿಯಸ್, ಚರ್ಮ ಸುಲಿದ ಮನುಷ್ಯರನ್ನು ಬೆಟ್ಟಗುಡ್ಡಗಳ ಹಿನ್ನೆಲೆಯಲ್ಲಿ ನಿಲ್ಲಿಸಿ ಚಿತ್ರ ಬರೆಸಿದ. ಚಿತ್ರ ಅದ್ಭುತ; ಹೆಸರು ಮಾತ್ರ ಬರಿಯ ಅಂಕಿ. ಇಂಥ ಮೂಳೆಯನ್ನು ಆಡಿಸುವ ಮೊದಲನೆಯದು, ಎರಡನೆಯದು ಎಂದೇ ಲೆಕ್ಕ. ಎಣಿಸುವವರು ಬದಲಾದರೆ ಅಂಕಿಯೂ ಬದಲು. ಪ್ಯಾರಿಸ್ಸಿನಲ್ಲಿ ಅವನಿಗೆ ಪಾಠ ಹೇಳಿದ್ದ ಸಿಲ್ವಿಯಸ್ ಹಲವು ಖಂಡಗಳಿಗೆ ಹೆಸರಿಟ್ಟು ಈ ಗೋಜಲನ್ನು ಬಿಡಿಸತೊಡಗಿದ. ಶಿಷ್ಯನನ್ನು ಹುಚ್ಚನೆಂದು ಜರೆದ ಗುರು ಈತನೇ. ಆದರೂ ನಾಮಕರಣದ ಮಟ್ಟಿಗೆ ಗುರುವಿನ ದಾರಿಯೇ ಉಳಿಯಿತು.

ಹೆಸರುಗಳಲ್ಲಿ ಅತ್ಯಂತ ಸೊಗಸಾದದ್ದು ‘ಸಾರ್ಟೋರಿಯಸ್’, ದರ್ಜಿಯ ಖಂಡ. ಸೊಂಟದ ಮೂಳೆಯ ಮುಂದಿನ ಮೂಲೆಯಿಂದ ಹೊರಟು ತೊಡೆಗೆ ಅಡ್ಡಲಾಗಿ ಇಳಿದು ಮೊಣಕಾಲಿನ ಒಳಮಗ್ಗುಲಿಗೆ ಸೇರುವ ಈ ಪಟ್ಟಿ ಮೈಯಲ್ಲೇ ಅತಿ ಉದ್ದದ್ದು. ದರ್ಜಿ ಬಟ್ಟೆ ಹೊಲಿಯಲು ಚಕ್ಕಳಮಕ್ಕಳ ಹಾಕಿ ಕೂರುವಾಗ ತೊಡೆಯನ್ನು ಹೊರಕ್ಕೆ ತಿರುಗಿಸಿ ಮೊಣಕಾಲು ಮಡಚಲು ನೆರವಾಗುವುದು ಇದೇ.

1895ರ ಹೊತ್ತಿಗೆ ಅಂಗರಚನೆಯಲ್ಲಿ ಹೆಸರುಗಳು ಸುಮಾರು 50,000ಕ್ಕೆ ಬೆಳೆದಿದ್ದವು. ಬಾಸೆಲ್‌ನಲ್ಲೇ ಸೇರಿದ ಜರ್ಮನ್ ವಿದ್ವಾಂಸರು ಅವನ್ನು ಸುಮಾರು 5,000ಕ್ಕೆ ಇಳಿಸಿದರು.

ಆ ಪಟ್ಟಿಯಲ್ಲಿ ಕಾಲಿನ ಹಿಂಬದಿಯ ಮೇಲಿನ ಖಂಡಕ್ಕೆ ‘ಕಾಲಿನ ಹೊಟ್ಟೆ’ ಎಂಬ ಅರ್ಥದ ಗ್ರೀಕ್ ಮೂಲದ ಹೆಸರಿದೆ. ಅದರಡಿಯ ಚಪ್ಪಟೆ ಖಂಡ ‘ಸೋಲಿಯಸ್’. ಲ್ಯಾಟಿನ್ನಿನಲ್ಲಿ ‘ಸೋಲಿಯ’ ಎಂದರೆ ಚಪ್ಪಲಿ. ಕರಾವಳಿಯವರು ನಂಗು ಎನ್ನುವ ಮೀನಿನ ಜಾತಿಗೂ ಅದೇ ಹೆಸರು. ಯಾವ ಸಭೆಯನ್ನೂ ಕೇಳದೆ ಕನ್ನಡಿಗರು ಇದೇ ಜಾಗಕ್ಕೆ ಇಟ್ಟುಕೊಂಡ ಹೆಸರು ಮೀನಖಂಡ.